ಹಸಿ ಅರಿವಿ

ಅಣ್ಣನ ಉಡದಾರಕ್ಕೆ ಕುಡಗೋಲು ಹಚ್ಚಿದ ಬಸವಣ್ಣೆಪ್ಪ ಅಲ್ಲೇ ಕೈ ತಡೆದ. ಹೆಣಕ್ಕೆ ನೀರು ಹಾಕುವ ಮೊದಲು ಸೊಂಟದ ದಾರ ಕೊಯ್ಯಬೇಕು, ಅದು ರೂಢಿ. ಆದರೆ ಯಲ್ಲಪ್ಪನ ಉಡದಾರಕ್ಕೆ ಒಂದು ಹಿತ್ತಾಳೆಯ ಕೀಲಿಕೈ ಕಟ್ಟಿತ್ತು. ಅದು ಎಷ್ಟು ವರ್ಷದಿಂದ ಅಲ್ಲಿತ್ತೆಂದರೆ, ಒತ್ತಿ ಒತ್ತಿ ತೊಗಲಿನ ಮೇಲೆ ತನ್ನದೇ ಗುರುತು ಮಾಡಿಕೊಂಡಿತ್ತು.

“ಅತ್ತಿಗೆವ್ವಾ, ಇದನ್ನೇನು ಮಾಡೂದು?”

“ಅವರ ಜೋಡಿನ ಕುಣ್ಯಾಗ ಹೋಗ್ಲಿ ಬಿಡ ಯಕ್ಕಾ,” ಎಂದಳು ಬಸವಣ್ಣೆಪ್ಪನ ಹೆಂಡತಿ ದುರ್ಗಾ, ಬಾಗಿಲಲ್ಲಿ ಬಿಸಿನೀರಿನ ಕೊಡ ಹಿಡಿದುಕೊಂಡು. “ಜೀವಾನ ಇಟ್ಟಿದ್ರು ಅದರ ಮ್ಯಾಲ.”

“ಸರಕಾರದ ಕೀಲಿ ಅದು,” ಎಂದಳು ಸಾವಂತ್ರೆವ್ವ. “ಧಾರವಾಡದಿಂದ ಸಾಹೇಬ್ರು ಬರಾಕ ಹತ್ಯಾರಂತಲ್ಲ, ಅವರ ಕೈಯಾಗ ಹಾಕಿ ಕೈ ತೊಳ್ಕೊಂತೀನಿ. ಕೊಯ್ಯಿ.”

ಸತ್ತವನ ಹೆಂಡತಿ ಅವಳು. ನಿನ್ನೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳನ್ನು ತಬ್ಬಿ, ತಾವೇ ಅತ್ತು, ಸೆರಗಿನಿಂದ ಮೂಗೊರೆಸಿಕೊಂಡು ಹೊರಗೆ ಹೋಗಿ, ಇವಳದು ಕಲ್ಲೆದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು.

ಕೀಲಿಕೈ ಪಂಚಾಯಿತಿಯ ಹಿಂದೆ ತಂತಿಬೇಲಿಯೊಳಗೆ ನಿಂತಿರುವ ಬಿಳಿ ಪೆಟ್ಟಿಗೆಯದು. ನಾಲ್ಕು ಕಾಲಿನ ಮೇಲೆ, ಎದೆಯೆತ್ತರಕ್ಕೆ, ಗಾಳಿಯಾಡಲೆಂದು ನಾಲ್ಕೂ ಕಡೆ ಸೀಳು ಹಲಗೆ ಹಾಕಿದ ಪೆಟ್ಟಿಗೆ. ಒಳಗೆ ಥರ್ಮಾಮೀಟರುಗಳು, ಪಕ್ಕದಲ್ಲಿ ಮಳೆ ಅಳೆಯುವ ಡಬ್ಬಿ. ಗುಡಗೇರಿಯ ಆಚೆ ಎರೆಹೊಲಗಳ ನಡುವಿನ ಆ ಊರಿನಲ್ಲಿ ಸೆಕೆ ಎಷ್ಟು, ಮಳೆ ಎಷ್ಟು ಎಂದು ದಿನಾ ಮುಂಜಾನೆ ಎಂಟೂವರೆಗೆ ನೋಡಿ ಧಾರವಾಡಕ್ಕೆ ತಿಳಿಸುವುದು ಯಲ್ಲಪ್ಪನ ಕೆಲಸ. ಹೊಲದ ಕೂಲಿಯ ಜೊತೆಗೆ ಮೇಲಿನ ಕೆಲಸ ಅದು. ಜ್ವರವಿರಲಿ, ಜಗಳವಿರಲಿ, ಎಂಟೂವರೆಗೆ ಅವನು ಅಲ್ಲಿರುತ್ತಿದ್ದ. ಓಣಿಯ ಹೆಂಗಸರು ಆ ಪೆಟ್ಟಿಗೆಗೆ ‘ಸಾವಂತ್ರೆವ್ವನ ಸವತಿ’ ಎಂದು ಹೆಸರಿಟ್ಟು ನಗುತ್ತಿದ್ದರು. ಸಾವಂತ್ರೆವ್ವ ಮಾತ್ರ ಒಂದು ದಿನವೂ ನಕ್ಕವಳಲ್ಲ.

ನಿನ್ನೆ ಅವನು ಬಿದ್ದದ್ದೂ ಆ ಬೇಲಿಯ ಬಾಗಿಲಲ್ಲೇ. ಎದುರಿಗೆ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಬುಡನಸಾಬ ಓಡಿಹೋಗಿ ತಲೆ ಎತ್ತಿ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಯಲ್ಲಿದ್ದ ತಂಬಿಗೆ ಉರುಳಿ, ಅದರ ನೀರನ್ನೆಲ್ಲ ನೆಲ ಕುಡಿದಿತ್ತಂತೆ. ಖಾಲಿ ತಂಬಿಗೆಯನ್ನು ಬುಡನಸಾಬ ಹೆಣದ ಜೊತೆಗೇ ತಂದು ಕೊಟ್ಟಿದ್ದ.

“ಬಾಯಾಗ ನೀರು ಬಿಡಾಕ ಸೈತ ಕರೀಲಿಲ್ಲ ನನ್ನ,” ಎಂದಳು ಸಾವಂತ್ರೆವ್ವ, ಯಾರಿಗೆಂದಿಲ್ಲದೆ. “ಸಾಯೂದಾದ್ರೂ ಮನ್ಯಾಗ ಸಾಯಬಾರದ?”

*

ಇಪ್ಪತ್ತು ವರ್ಷದ ಹಿಂದಿನ ಮಾತು. ಅವರ ಮಗಳು ಕಸ್ತೂರಿ ಆಗಷ್ಟೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಕೂಸು. ಸಾವಂತ್ರೆವ್ವ ತನ್ನ ಬಾಣಂತನದ ತೆಳು ಬಿಳಿ ಸೀರೆಯನ್ನು ಹರಿದು ಅವಳಿಗೆ ಹೊದೆಯಲು ಒಂದು ಅರಿವೆ ಮಾಡಿ, ಅದರ ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಗಿಳಿಯ ಕಸೂತಿ ಹಾಕಿದ್ದಳು. ಗಿಳಿಯ ಕೊಕ್ಕು ತುಸು ದೊಡ್ಡದಾಗಿತ್ತು. “ಇದು ಗಿಳಿಯೋ ಕೊಕ್ಕರಿಯೋ?” ಎಂದು ಯಲ್ಲಪ್ಪ ಕಾಡಿಸುತ್ತಿದ್ದ.

ಆ ಬೇಸಿಗೆಯಲ್ಲಿ ರಾತ್ರಿಯೂ ಸೆಕೆ ಇಳಿಯಲಿಲ್ಲ. ಕೂಸಿಗೆ ಜ್ವರ ಬಂತು. ಬೆಳಗಿನ ಜಾವಕ್ಕೆ ಮೈ ಕೆಂಡವಾಯಿತು. ಅದೇ ಅರಿವೆಯನ್ನು ನೀರಲ್ಲಿ ಅದ್ದಿ ಹಣೆಯ ಮೇಲೆ ಹಾಕಿದರು. ಹಾಕಿದ್ದು ಗಳಿಗೆಯಲ್ಲಿ ಒಣಗುತ್ತಿತ್ತು, ಮತ್ತೆ ಅದ್ದುತ್ತಿದ್ದರು.

“ನಾ ಹೋಗಿ ನರ್ಸಬಾಯಿನ್ನ ಕರ್ಕೊಂಡು ಬರ್ತೀನಿ,” ಎಂದಳು ಸಾವಂತ್ರೆವ್ವ. “ನೀವು ಇಲ್ಲೇ ಕೂಡ್ರಿ. ಅರಿವಿ ಒಣಗಗೊಡಬ್ಯಾಡ್ರಿ.”

ಅವನು ಕೂತ. ಅದ್ದಿ ಹಿಂಡಿ ಹಾಕುತ್ತಲೇ ಇದ್ದ. ಕೂಸು ಕಣ್ಣು ಮುಚ್ಚಿ ನಿದ್ದೆ ಹೋದಂತೆ ಕಂಡಿತು. ಎಂಟೂವರೆ ಆಗಿತ್ತು. ಪೆಟ್ಟಿಗೆ ದೂರವೇನಲ್ಲ, ಹೀಗೆ ಹೋಗಿ ಹಾಗೆ ಬರುವುದು ಎಂದುಕೊಂಡು ಅರಿವೆಯನ್ನು ಇನ್ನೊಮ್ಮೆ ಚೆನ್ನಾಗಿ ತೋಯಿಸಿ ಹಾಕಿ ಎದ್ದ.

ಅವನು ಓಡುತ್ತ ಮರಳುವಷ್ಟರಲ್ಲಿ ಸಾವಂತ್ರೆವ್ವ ಬಂದಿದ್ದಳು. ಕೂಸು ಅವಳ ತೊಡೆಯ ಮೇಲಿತ್ತು. ನರ್ಸಬಾಯಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಸಾವಂತ್ರೆವ್ವ ಕೈಯಲ್ಲಿದ್ದ ಅರಿವೆಯನ್ನು ಅವನಿಗೆ ತೋರಿಸಿದಳು.

“ಅರಿವಿ ಒಣಗಿತ್ತು,” ಎಂದಳು.

ಅಷ್ಟೇ. ಬಯ್ಯಲಿಲ್ಲ, ಹೊಡೆದುಕೊಳ್ಳಲಿಲ್ಲ. ಅರಿವೆ ಹಸಿಯಿದ್ದರೂ ಕೂಸು ಉಳಿಯುತ್ತಿರಲಿಲ್ಲವೆಂದು ನರ್ಸಬಾಯಿ ಹೇಳಿದಳು. ನರ್ಸಬಾಯಿಯ ಮಾತು ಆಗ ಯಾರಿಗೆ ಬೇಕಿತ್ತು? ಕೆಲವು ದಿನಗಳ ನಂತರ ಸಾವಂತ್ರೆವ್ವ ಟ್ರಂಕು ತೆರೆದು ನೋಡಿದರೆ ಅರಿವೆ ಇರಲಿಲ್ಲ. ಕಣ್ಣೆದುರು ಬೇಡವೆಂದು ಸುಟ್ಟಿರಬೇಕು ಎಂದುಕೊಂಡಳು. ತನ್ನ ಕೂಸಿನದೊಂದು ಚಿಂದಿಯನ್ನೂ ಉಳಿಸದ ಗಂಡಸು ಎಂದು ಆ ದಿನವೇ ಮನಸ್ಸಿನ ಬಾಗಿಲು ಹಾಕಿಕೊಂಡಳು. ಕೇಳಿದ್ದರೆ ಅವನು ಹೇಳುತ್ತಿದ್ದನೋ ಏನೋ. ಅವಳು ಕೇಳಲಿಲ್ಲ. ಮುಂದೆ ಮಕ್ಕಳಾಗಲಿಲ್ಲ. ರೊಟ್ಟಿ ಬಡಿದಳು, ಅವನು ಉಂಡ, ಬಿತ್ತಿದರು, ಬೆಳೆದರು, ನೆಂಟರ ಮದುವೆಗೆ ಜೋಡಿಯಾಗಿ ಹೋಗಿಬಂದರು. ಆ ಒಂದು ಮಾತು ಮಾತ್ರ ಇಬ್ಬರ ನಡುವೆ ಹಾಗೇ ಬಿದ್ದಿತ್ತು.

*

ಹೊತ್ತು ನೆತ್ತಿಗೇರುವಾಗ ಧಾರವಾಡದ ಹವಾಮಾನ ಕಚೇರಿಯ ಮಿಲಿಂದ ಮಾಲೆ ಹಿಡಿದುಕೊಂಡು ಬಂದ. ಪಡಸಾಲೆಯಲ್ಲಿ ಮಲಗಿಸಿದ್ದ ಯಲ್ಲಪ್ಪನ ಕಾಲು ಮುಟ್ಟಿ ನಮಸ್ಕರಿಸಿ, ಚಾಪೆಯ ಮೇಲೆ ಬುಡನಸಾಬನ ಪಕ್ಕ ಕೂತ.

“ಇಂಥಾ ಮನಶ್ಯಾ ಸಿಗೂದಿಲ್ರಿ ಸಾಹೇಬ್ರ,” ಎಂದ ಬುಡನಸಾಬ. “ಒಂದ ವರ್ಷ ಮಳಿ ಕೈ ಕೊಡ್ತು. ನಮ್ಮ ಓಣಿ ಹೆಣ್ಮಕ್ಕಳು ಆ ಮಳಿ ಡಬ್ಬೀನ ದೇವ್ರು ಅಂತ ತಿಳದು, ಸೋಮಾರ ಮುಂಜಾನೆ ಕುಂಕುಮ ಹಚ್ಚಿ, ಕೊಡಗಟ್ಲೆ ನೀರು ಹೊಯ್ದು ಬಂದ್ರು. ಇವ ಹೋಗಿ ನೋಡ್ತಾನ, ಡಬ್ಬಿ ತುಂಬಿ ಹರದೈತಿ, ಕಾಲಾಗ ನೋಡಿದ್ರ ಧೂಳು.”

“ಏನ ಬರದ್ರು ಮತ್ತ?”

“ಮಳಿ ಇಲ್ಲ ಅಂತ ಬರದಾ. ನಾವು ಹೊಯ್ದಿದ್ದು ನೀರಲ್ಲೇನು ಅಂತ ಹೆಣ್ಮಕ್ಕಳು ವಾರಗಟ್ಲೆ ಮಾತಾಡ್ಲಿಲ್ಲ ಅವನ ಜೋಡಿ.”

ಅಳುತ್ತಿದ್ದವರೂ ನಕ್ಕರು. ಮಿಲಿಂದ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡ. “ಅವರು ಕಳಿಸಿದ್ದೆಲ್ಲಾ ಕೂಡಿಸಿ ನೋಡಿದ್ರ ಕಾಣಸ್ತದ್ರಿ, ಈ ಕಡೆ ಬ್ಯಾಸಗಿ ರಾತ್ರಿ ಹೆಂಗ ವರ್ಷಾ ವರ್ಷಾ ಕಾಯಕೋತ ಹೊಂಟಾವ ಅಂತ. ಮಳಿನೂ ಹಂಗ. ಬಂದ್ರ ಒಮ್ಮೆಲೆ ಸುರೀತದ, ಇಲ್ಲಂದ್ರ ಇಲ್ಲ.”

ಸಾವಂತ್ರೆವ್ವ ಎದ್ದು ಬಂದು ಅವನ ಮುಂದೆ ಅಂಗೈ ಚಾಚಿದಳು.

“ಕೀಲಿ ತಗೋರಿ ಸಾಹೇಬ್ರ. ಇವತ್ತ ಯಾರೂ ನೋಡಿಲ್ಲ, ನಿಮ್ಮ ಕೆಲಸ ನಿಂತೀತು.”

ಮಿಲಿಂದ ಕೀಲಿಯನ್ನು ನೋಡಿ ಗೊಂದಲಕ್ಕೆ ಬಿದ್ದ. “ಅವ್ವಾರ, ಅಲ್ಲೇ ಬಾಜೂಕ ಮಷೀನ್ ಕೂಡಿಸೇವಲ್ರಿ, ತಾನ ನೋಡಿ ತಾನ ಕಳಸ್ತದ. ಆ ಪೆಟಗಿ ನೋಡೂದು ಬಂದ್ ಮಾಡ್ರಿ ಅಂತ ಹ್ವಾದ ವರ್ಷನ ಹೇಳಿ ಹೋಗಿದ್ದೆ ನಾನು. ನಿಮಗ ಹೇಳಿಲ್ಲೇನ್ರಿ?”

“ಹಂಗಾದ್ರ ದಿನಾ ಎಂಟೂವರಿಗೆ ಎಲ್ಲಿ ಹೊಕ್ಕಿದ್ರು?”

ಬುಡನಸಾಬ ಗಡ್ಡ ನೀವಿಕೊಂಡ.

“ಅಲ್ಲಿಗೇ ಬರತಿದ್ದ ತಂಗಿ, ತಂಬಿಗಿ ತುಂಬ್ಕೊಂಡು. ನಾನೂ ಚಾಷ್ಟಿ ಮಾಡಿದೆ, ‘ಲೇ ಯಲ್ಲ್ಯಾ, ಕೆಲಸಾನ ಇಲ್ಲ, ಇನ್ನೇನು ನೋಡ್ತಿ ಅದರಾಗ?’ ಅಂತ. ‘ಅರಿವಿ ಒಣಗ್ತೈತೋ ಬುಡ್ನ್ಯಾ, ಒಣಗಗೊಡಬ್ಯಾಡ್ರಿ ಅಂತ ಹೇಳಿ ಹೋಗ್ಯಾರ’ ಅಂದಾ. ಸಾಹೇಬ್ರು ಹೇಳಿರಬೇಕು ಅನ್ಕೊಂಡೆ.”

“ನಾನು ಹೇಳಿಲ್ಲ,” ಎಂದ ಮಿಲಿಂದ.

ಸಾವಂತ್ರೆವ್ವ ಕಂಬ ಹಿಡಿದುಕೊಂಡಳು. “ಯಾವ ಅರಿವಿ?”

“ಪೆಟಗ್ಯಾಗ ಎರಡು ಥರ್ಮಾಮೀಟರ್ ಇರ್ತಾವ್ರಿ ಅವ್ವಾರ. ಒಂದು ಒಣಾದು. ಇನ್ನೊಂದರ ಬುಡಕ್ಕ ತೆಳು ಅರಿವಿ ಸುತ್ತಿ, ಅದರ ದಾರ ಸಣ್ಣ ಬಾಟ್ಲಿ ನೀರಾಗ ಬಿಟ್ಟಿರ್ತೇವಿ. ಅರಿವಿ ಹಸಿ ಇತ್ತಂದ್ರ ಒಳಗಿನ ಪಾದರಸ ಕೆಳಗ ಇಳೀತದ. ಗಾಳಿ ಎಷ್ಟು ಒಣಗೇದ ಅನ್ನೂದು ಅದರಿಂದ ತಿಳೀತದ. ಆ ಅರಿವಿ ನಾವ ಕಳಸ್ತಿದ್ವಿ. ಆದ್ರ ಅವರು ಒಂದ ದಿನಾನೂ ಅದನ್ನ ಮುಟ್ಟಲಿಲ್ರಿ. ಮನ್ಯಾಂದು ಐತಿ ಅಂತಿದ್ರು.”

ಸಾವಂತ್ರೆವ್ವ ಚಾಚಿದ ಅಂಗೈಯನ್ನು ಮುಚ್ಚಿದಳು. ಕೀಲಿಕೈ ಒಳಗೇ ಉಳಿಯಿತು.

*

“ಪಂಚಾಯ್ತಿ ಹಿಂದಿನ ದಾರಿಲೆ ಹೋಗೂಣು,” ಎಂದಳು ಸಾವಂತ್ರೆವ್ವ, ಚಟ್ಟ ಎತ್ತುವಾಗ.

“ಸುತ್ತಾಕ್ಕೈತಿ ಅತ್ತಿಗೆವ್ವಾ,” ಎಂದ ಬಸವಣ್ಣೆಪ್ಪ. “ಬಿಸಲು ನೋಡಿಯೇನು? ಮತ್ತ ಹೆಣ್ಮಕ್ಕಳು ಊರ ಅಗಸಿ ಬಾಗಲತನಾ ಬಂದು ತಿರುಗಿ ಹೋಗೂದು ನಮ್ಮಲ್ಲಿ.”

“ಗೊತ್ತೈತಿ,” ಎಂದವಳೇ ನಿನ್ನೆಯ ತಂಬಿಗೆಗೆ ನೀರು ತುಂಬಿಕೊಂಡು ಮುಂದೆ ನಡೆದಳು. ಅವಳ ಮುಖ ನೋಡಿ ಹೊತ್ತವರೂ ಹಿಂದೆ ಬಂದರು.

ಬೇಲಿಯ ಬಳಿ ಚಟ್ಟ ಇಳಿಸಿದರು. ಸಾವಂತ್ರೆವ್ವ ಅಷ್ಟು ವರ್ಷದಲ್ಲಿ ಒಮ್ಮೆಯೂ ಆ ಬೇಲಿಯೊಳಗೆ ಕಾಲಿಟ್ಟವಳಲ್ಲ. ಪೆಟ್ಟಿಗೆಯ ಬೀಗ ಎಣ್ಣೆ ಕುಡಿದು ಮೆತ್ತಗಿತ್ತು, ಕೀಲಿಕೈ ಮುಟ್ಟಿಸಿದರೆ ತೆರೆಯಿತು. ಪೆಟ್ಟಿಗೆಯೊಳಗೆ ಒಂದು ಮೂಲೆಯಲ್ಲಿ ಕಚೇರಿಯಿಂದ ಬಂದ ಬಟ್ಟೆಯ ಸುರುಳಿಗಳು, ಕಟ್ಟಿದ ದಾರ ಬಿಚ್ಚದೆ, ಧೂಳು ಹಿಡಿದು ಬಿದ್ದಿದ್ದವು. ಒಂದು ಥರ್ಮಾಮೀಟರಿನ ಬುಡಕ್ಕೆ ಸುತ್ತಿದ್ದ ಚೂರು ಅರಿವೆ ಒಣಗಿ ಸೆಟೆದಿತ್ತು. ಪುಟ್ಟ ಬಾಟಲಿಯಲ್ಲಿ ಹನಿ ನೀರಿಲ್ಲ. ಪಕ್ಕದ ಮೊಳೆಗೆ, ಕತ್ತರಿಸುತ್ತ ಕತ್ತರಿಸುತ್ತ ಉಳಿದ ಅಂಗೈಯಗಲದ ಒಂದು ತುಂಡು ತೂಗುತ್ತಿತ್ತು. ಅದರ ಮೂಲೆಯಲ್ಲಿ, ಬಣ್ಣ ಮಾಸಿದ ಕೆಂಪು ದಾರದ, ಕೊಕ್ಕು ದೊಡ್ಡದಾದ ಗಿಳಿ.

ಸಾವಂತ್ರೆವ್ವ ಅದನ್ನು ಮೊಳೆಯಿಂದ ಬಿಡಿಸಿಕೊಂಡು ಮುಖಕ್ಕೆ ಒತ್ತಿಕೊಂಡಳು. ಕೂಸಿನ ವಾಸನೆ ಎಲ್ಲಿ ಉಳಿದೀತು, ಅವನ ಬೀಡಿಯ ವಾಸನೆ ಇತ್ತು. ಆಗ ಬಂತು ಅಳು. ಇಪ್ಪತ್ತು ವರ್ಷದ ಹಿಂದಿನ ಅಳು, ನಿನ್ನೆಯದು, ಎರಡೂ ಕೂಡಿ ಬಂದು, ಬೇಲಿಯ ತಂತಿ ಹಿಡಿದು ನಿಂತಿದ್ದ ದುರ್ಗಾ ಓಡಿಬಂದು ಅವಳ ನಡು ಹಿಡಿಯಬೇಕಾಯಿತು.

“ನಾ ಹಂಗ ಅನಬಾರದಿತ್ತ ದುರ್ಗಾ,” ಎಂದಳು. “ಒಂದ ಮಾತು ಅಂದೆ. ಜಲ್ಮ ಪೂರಾ ನೀರು ಹಾಕಿದ್ರು ಅದಕ್ಕ. ಒಂದ ಸಲ ಬಾಯಿ ಬಿಟ್ಟು ಹೇಳಬಾರದ ನನ್ನ ಮುಂದ?”

ತಂಬಿಗೆಯಿಂದ ಬಾಟಲಿಗೆ ನೀರು ತುಂಬಿದಳು. ಬೆರಳು ಅದ್ದಿ ಸೆಟೆದ ಚೂರನ್ನು ತೋಯಿಸಿದಳು. ಅದು ಮೆತ್ತಗಾಗಿ ಗಾಜಿಗೆ ಅಂಟಿಕೊಂಡಿತು. ಸೀಳು ಹಲಗೆಯಿಂದ ಬಿಸಿಗಾಳಿ ಬೀಸಿತು. ಹಿಂದೆ ನಿಂತಿದ್ದ ಮಿಲಿಂದ ಬಗ್ಗಿ ಪಾದರಸ ನೋಡಿದ.

“ಇಳೀಲಿಕ್ಕತ್ತದ್ರಿ,” ಎಂದ ಮೆಲ್ಲಗೆ.

ಸಾವಂತ್ರೆವ್ವ ಚಟ್ಟದ ಕಡೆ ತಿರುಗಿದಳು. “ಕೇಳಿಸ್ತೇನ್ರಿ? ಇಳ್ಯಾಕ ಹತ್ತೇತಂತ.”

ಆಮೇಲೆ ಅವಳು ಗಿಳಿಯ ತುಂಡನ್ನು ತಂಬಿಗೆಯಲ್ಲಿ ಅದ್ದಿ, ಹಿಂಡಿ, ಯಲ್ಲಪ್ಪನ ಹಣೆಯ ಮೇಲೆ ಹಾಕಿದಳು. ಒಂದೆರಡು ಹನಿ ಮೂಗಿನ ಪಕ್ಕದಿಂದ ಇಳಿದು ತುಟಿಯ ಸಂದಿಗೆ ಹೋದವು. ಬಸವಣ್ಣೆಪ್ಪ ಹೊತ್ತಾಯಿತೆಂದು ಹೇಳಲು ಬಂದವನು ಹೇಳದೆ ಚಟ್ಟಕ್ಕೆ ಹೆಗಲು ಕೊಟ್ಟ.

ಅಗಸಿ ಬಂತು. ಹೆಂಗಸರು ನಿಂತರು. ಸಾವಂತ್ರೆವ್ವ ನಿಲ್ಲಲಿಲ್ಲ, ಅವಳನ್ನು ಯಾರೂ ನಿಲ್ಲಿಸಲಿಲ್ಲ. ಚಟ್ಟದ ಪಕ್ಕದಲ್ಲಿ ಚಪ್ಪಲಿಯಿಲ್ಲದ ಕಾಲಲ್ಲಿ ಬಿರಬಿರನೆ ನಡೆಯುತ್ತ, ಬಿಸಿಲು ಅರಿವೆಯ ಅಂಚು ಒಣಗಿಸಿದಂತೆಲ್ಲ ಕೈ ಎತ್ತಿ ನೀರು ಚಿಮುಕಿಸುತ್ತಿದ್ದಳು. ನೀರು ತೀರುತ್ತ ಬಂದಾಗ ಅಗಸಿಯಿಂದ ದುರ್ಗಾ ಕೊಡ ಹೊತ್ತು ಹಿಂದೆಯೇ ಓಡಿಬಂದಳು.

ಮೊದಲ ಹಿಡಿ ಮಣ್ಣು ಬೀಳುವಾಗಲೂ ಅರಿವೆ ಹಸಿಯಾಗಿಯೇ ಇತ್ತು.