ಆರು ಸಿಲಿಂಡರು, ಮೂರು ಸೀಟು

ಸೀಟಿನ ಪ್ಲಾಸ್ಟಿಕ್ಕು ಮತ್ತೆ ಚರ್ ಅಂತು, ಅಂದರೆ ಶಟ್ಟೆವ್ವ ಇನ್ನೂ ಸರಿಯಾಗಿ ಕೂತಿಲ್ಲ, ಹೂಲಿ ಬಿಟ್ಟು ಸವದತ್ತಿ ದಾಟಿ ಬೈಲಹೊಂಗಲದ ದಾರಿ ಹಿಡಿದಾಯಿತು, ಇನ್ನೂ ಸೀಟಿನ ತುದಿಯಲ್ಲೇ ಇದ್ದಾಳೆ, ಯಾರದೋ ಮನೆಯ ಕಟ್ಟೆಯ ಮೇಲೆ ಅರೆಗಳಿಗೆ ಕೂತು ಎದ್ದು ಹೋಗುವವಳ ಹಾಗೆ, ಚಪ್ಪಲಿ ಬಿಚ್ಚಿ ತೊಡೆಯ ಮೇಲಿನ ಚೀಲದೊಳಗೆ ತುರುಕಿದ್ದಾಳೆ—ಚಪ್ಪಲಿ ಹಾಕ್ಕೋ ಶಟ್ಟೆವ್ವಕ್ಕ, ಕೆಳಗ ಇಂಜಿನ್ ಕಾವು ಬಡೀತದ, ಇರ್ಲಿ ಬಿಡ್ರಿ ಸಣ್ಣ ಭಟ್ಟರ, ಸೀಟ ಹೊಸಾವು ಅದಾವು—ಸೀಟಿಗೂ ಚಪ್ಪಲಿಗೂ ಏನು ಸಂಬಂಧ, ಚಪ್ಪಲಿ ಇರೋದು ಕೆಳಗೆ, ಸೀಟು ಇರೋದು ಮೇಲೆ, ಆದರೆ ಗಾಡಿ ಓಡಿಸುತ್ತಿದ್ದ ಮಿಲಿಂದ ಬಾಯಿ ಬಿಡಲಿಲ್ಲ, ಬಿಟ್ಟರೆ ಮಾತು ಸೀಟಿನ ಮೇಲೆ ಬಂದು ನಿಲ್ಲುತ್ತದೆ, ಮಾತು ಎಲ್ಲಿ ಬೇಕಾದರೂ ನಿಲ್ಲಲಿ, ಸೀಟಿನ ಮೇಲೆ ಬೇಡ. ರಸ್ತೆ ಖಾಲಿ, ಆದರೂ ಅವನ ಬಲಗಾಲು ಸುಮ್ಮನಿಲ್ಲ, ಬ್ರೇಕನ್ನು ಹೋಗಿ ಮುಟ್ಟುತ್ತದೆ, ಬಿಡುತ್ತದೆ, ಮುಟ್ಟುತ್ತದೆ, ಬೆಣ್ಣಿ ಮುಟ್ಟಿದಂಗ ಮುಟ್ರಿ ಅಂದಿದ್ದ ಮೇಸ್ತ್ರಿ ಬಸವಲಿಂಗ, ಹೊಸಾ ಬೂಸ್ಟರ್ ಐತಿ, ಹಳೇ ಅಭ್ಯಾಸದಾಗ ಒದ್ದ್ರ ಗಾಡಿ ಮೂಗ ನೆಲಕ್ಕ ಬಡೀತೈತಿ, ಅದಕ್ಕೆ ಮಿಲಿಂದ ನಕ್ಕಿದ್ದ, ಎಂಟು ವರ್ಷದಿಂದ ಓಡಸಾಕತ್ತೀನಿ ಮಾರಾಯಾ, ನನಗ ಹೇಳತಿ ಏನು. ಬೈಲಹೊಂಗಲ ಇನ್ನು ಮೂವತ್ತು ಕಿಲೋಮೀಟರ್ ಇರಬೇಕು. ಅಲ್ಲಿ ಎಲುಬಿನ ದವಾಖಾನೆಯಲ್ಲಿ ಇವಳ ಗಂಡ ಯಮನಪ್ಪ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಾನೆ, ಮಣಿಕಟ್ಟು ಮೂರು ಕಡೆ ಮುರಿದಿದೆ, ಒಳಗೆ ಸ್ಟೀಲಿನ ಪ್ಲೇಟು ಹಾಕಬೇಕು, ಅದಕ್ಕೆ ಮನೆಯವರ ಸಹಿ ಬೇಕು, ಮನೆಯವರೆಂದರೆ ಇವಳು. ಹೆಬ್ಬೆಟ್ಟು ನಡೀತದ ಅಂದರು ಡಾಕ್ಟರು. ಹಿಡಿತ ಮೊದಲಿನ ಹಾಗೆ ಬರುತ್ತದೋ ಅಂತ ಕೇಳಿದರೆ ಕನ್ನಡಕ ಒರೆಸಿಕೊಂಡರು. ಹಿಡಿತ ಹೋದ ಯಮನಪ್ಪ ಯಾವುದಕ್ಕೆ ಬಂದ, ಇಡೀ ತಾಲೂಕಿನಲ್ಲಿ ಇನ್ನೂರು ಅಡಿ ಪೈಪು ಕೊಳವೆಬಾವಿಯಿಂದ ಮೇಲೆ ಬರುವಾಗ ಬರೀ ಕೈಯಿಂದ ತಡೆದು ಕ್ಲಾಂಪು ಹಾಕುವವನು ಅವನೊಬ್ಬನೇ, ಆ ಕೈ—ಗಾಡಿಯ ಬಾಗಿಲಿನ ಅಂಚಿಗೆ ನಾಲ್ಕು ಬೆರಳು—ಬೇಡ, ರಸ್ತೆ ನೋಡು.

ರಸ್ತೆ ನೋಡಿದರೆ ಇಂಜಿನ್ ಕೇಳಿಸುತ್ತದೆ, ಆರೂ ಸಿಲಿಂಡರು ಒಂದರ ಬೆನ್ನಿಗೆ ಒಂದು, ಎಣಿಸಲು ಹೋದರೆ ಎಣಿಕೆ ತಪ್ಪುವಷ್ಟು ಒತ್ತಾಗಿ, ಮಿಲ್ಟ್ರಿ ಲಿಲಾವಿನಲ್ಲಿ ಹಿಡಿದ ಜೊಂಗಾ ಜೀಪು ಇದು, ಹಿಂದೆ ತೆರೆದ ಡಬ್ಬಿ, ಮುಂದೆ ಕುಸ್ತಿ ಪೈಲ್ವಾನನ ಎದೆಯಂಥ ಬಾನೆಟ್ಟು, ಪೆಟ್ರೋಲ್ ಕುಡಿಯುತ್ತದೆ, ಕುಡಿಯಲಿ, ಮಳೆಗಾಲದಲ್ಲಿ ಎರಿ ಹೊಲದ ಕರಿ ಮಣ್ಣಿಗೆ ಟ್ರ್ಯಾಕ್ಟರ್ ಇಳಿದರೆ ಹೂತುಕೊಂಡು ನಿಲ್ಲುತ್ತದೆ, ಇದು ಮೋಟಾರು ಎತ್ತುವ ಕಬ್ಬಿಣದ ಮೂರುಕಾಲು, ಪೈಪು, ಯಮನಪ್ಪ, ಎಲ್ಲ ಹೊತ್ತುಕೊಂಡು ಎಮ್ಮೆಯ ಹಾಗೆ ದಾಟುತ್ತದೆ. ಸಂಪಗಾಂವದ ರೈತರು ಫೋನ್ ಮಾಡುವುದೇ ಹಾಗೆ, ಭಟ್ಟರ, ನಿಮ್ಮ ಆರ್ ಸಿಲಿಂಡರ್ ಕಳಸ್ರಿ, ಬೋರಿನಾಗ ಮೋಟರ್ ಕುಂತೈತಿ. ಭಟ್ಟರ ಮಗ ಮಂತ್ರ ಬಿಟ್ಟು ಮೋಟರಿಗೆ ತಾಮ್ರದ ತಂತಿ ಸುತ್ತತಾನ ಅಂತ ಓಣಿ ನಗುತ್ತಿತ್ತು, ಅಪ್ಪ ಬಾಳಕೃಷ್ಣ ಭಟ್ಟರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ, ಗ್ರೀಸಿನ ಕೈಲೆ ದೇವರ ಮನಿಗೆ ಬರಬ್ಯಾಡ ಅಷ್ಟ, ಅಂದರು. ಡೀಸೆಲ್ ಇಂಜಿನ್ ಇಳಸ್ರಿ, ನಾಕ್ ಸಿಲಿಂಡರ್ ಸಾಕು, ಊರಿಗೆ ಊರೇ ಹೇಳಿತು, ಬಸವಲಿಂಗನೂ ಹೇಳಿದ, ಮಿಲಿಂದ ಕೇಳಲಿಲ್ಲ, ಇಂಜಿನ್ ಬಿಟ್ಟು ಉಳಿದದ್ದು ಸರಿಮಾಡು ಅಂದ, ಸರಿಮಾಡುವುದು ಅಂದರೆ ಏನು ಮಹಾ, ಬ್ರೇಕಿಗೆ ಬೂಸ್ಟರು, ಎಲ್‌ಇಡಿ ದೀಪ, ಡಬ್ಬಿಗೆ ಬಣ್ಣ, ಮತ್ತೆ ಸೀಟು, ಹಳೇ ಮಿಲ್ಟ್ರಿ ಸೀಟಿನಲ್ಲಿ ಸ್ಪ್ರಿಂಗು ಕುಂಡಿಗೆ ಚುಚ್ಚುತ್ತಿತ್ತು, ಅದನ್ನು ಕಿತ್ತು ಮರೂನ್ ರೆಕ್ಸಿನ್ನಿನ ಮೂರು ಸೀಟು, ಎರಡಲ್ಲ, ಮೂರು, ಯಾಕೆ ಮೂರು, ಯಮನಪ್ಪನಿಗೆ, ಎದುರಿಗೇ ಹೇಳಿದ್ದ ಮಿಲಿಂದ, ಇನ್ನ ಬಿಸಲಾಗ ಮಳಿಯಾಗ ಹಿಂದ ನಿಂದ್ರಬ್ಯಾಡ, ಒಳಗ ಕುಂದ್ರು. ಪ್ಲಾಸ್ಟಿಕ್ಕು ಮಾತ್ರ ತೆಗೆದಿರಲಿಲ್ಲ. ಒಂದೆರಡು ತಿಂಗಳು ಇರಲಿ ಅಂತ. ಎಲ್ಲರೂ ಬಿಡುತ್ತಾರೆ, ಫ್ರಿಜ್ಜಿಗೂ ಬಿಡುತ್ತಾರೆ, ಟೀವಿ ರಿಮೋಟಿಗೂ ಬಿಡುತ್ತಾರೆ, ಅದರಲ್ಲೇನಿದೆ.

ಎದುರಿಂದ ಹತ್ತಿ ತುಂಬಿದ ಲಾರಿ ಬಂತು, ಕಾಲು ಬ್ರೇಕಿಗೆ ಹಾರಿತು, ತಡೆದುಕೊಂಡ, ಶಟ್ಟೆವ್ವ ಮುಂದಿನ ಹಲಗೆಗೆ ಕೈ ಕೊಟ್ಟಳು, ಸಾವಕಾಶ ಹೋಗೂಣ್ರಿ, ಅಂವ ಏನ ಎದ್ದ ಓಡಿ ಹೋಗಾಂವಲ್ಲ. ಹಳೇ ಬ್ರೇಕು ಹೀಗಿರಲಿಲ್ಲ, ಒಂದು ಸಲ ಒತ್ತಿದರೆ ಗಾಳಿ, ಎರಡನೇ ಸಲ ಒಂದಿಷ್ಟು ಗಟ್ಟಿ, ಮೂರನೇ ಸಲ ಗಾಡಿ ನಿಲ್ಲುತ್ತಿತ್ತು, ಎಂಟು ವರ್ಷ ಮಿಲಿಂದನ ಕಾಲು ಒದ್ದೇ ಬೆಳೆದದ್ದು, ಎಂಟು ವರ್ಷ ಹಿಂದೆ ನಿಂತ ಯಮನಪ್ಪನ ಮೊಣಕಾಲು ಅದನ್ನೇ ಕಲಿತದ್ದು, ಒಂದಕ್ಕೆ ಸಡಿಲು, ಎರಡಕ್ಕೆ ಬಾಗು, ಮೂರಕ್ಕೆ ಕ್ಯಾಬಿನ್ನಿನ ಮೇಲಿನ ಅಡ್ಡ ಪೈಪು ಹಿಡಿ, ಬೀಡಿ ಬಾಯಿಂದ ಬೀಳುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ರಾಮದುರ್ಗದ ಕಡೆಯಿಂದ ಬರುವಾಗ, ಕಟಕೋಳದ ಈಚೆ, ಜಾಲಿಗಿಡದ ಮರೆಯಿಂದ ಕುರಿ ಹಿಂಡು ರಸ್ತೆಗೆ ಬಿತ್ತು, ಕಾಲು ಹಳೇ ಲೆಕ್ಕದಲ್ಲಿ ಒದೆಯಿತು, ಒಂದೇ ಒದೆ, ಎರಡು ಮೂರು ಬರಲೇ ಇಲ್ಲ, ಗಾಡಿ ಗೋಡೆಗೆ ಬಡಿದ ಹಾಗೆ ನಿಂತಿತು, ಕನ್ನಡಿಯಲ್ಲಿ ಯಮನಪ್ಪನ ಕೈ ಮೇಲೆದ್ದು ಅಡ್ಡ ಪೈಪನ್ನು ಹಿಡಿಯಲು ಹೋಯಿತು, ಪೈಪು ಎಲ್ಲಿದೆ, ಪೈಪು ಬೈಲಹೊಂಗಲದಲ್ಲಿ ಬಣ್ಣದವನ ಅಂಗಳದಲ್ಲಿ ಒಣಗುತ್ತಿದೆ, ತುಕ್ಕು ಹಿಡಿದಿತ್ತು ಅಂತ ಇವನೇ ಬಿಚ್ಚಿಸಿದ್ದು, ಸೋಮವಾರ ಕೂಡಸ್ತೇನ್ರಿ ಅಂದಿದ್ದ ಬಣ್ಣದವನು, ಕೈ ಗಾಳಿಯನ್ನು ಹಿಡಿದು ಮುಚ್ಚಿಕೊಂಡಿತು, ಆಮೇಲೆ ಕ್ಯಾಬಿನ್ನಿನ ಮೇಲೆ ಧಡ್ ಅಂತ ಎದೆ, ಆಮೇಲೆ ಎಡಕ್ಕೆ ಉರುಳಿ ಡಾಂಬರಿನ ಮೇಲೆ. ಕುರಿ ಒಂದೂ ಸಾಯಲಿಲ್ಲ. ಕುರುಬ ಬಂದು ಕೈಮುಗಿದ, ಬ್ರೇಕ್ ಭಾರಿ ಅದಾವ್ರಿ ನಿಮ್ಮವು, ಅಂದ. ಯಮನಪ್ಪ ಕುಂತಲ್ಲೇ ಕುಂತು ತನ್ನ ಕೈಯನ್ನು ಇನ್ನೊಬ್ಬರದು ಅನ್ನುವ ಹಾಗೆ ನೋಡುತ್ತಿದ್ದ, ಮುಂಗೈ ಒಂದು ದಿಕ್ಕು, ಬೆರಳು ಒಂದು ದಿಕ್ಕು, ಏನಾಗಿಲ್ಲ ಬಿಡ್ರಿ, ಉಳುಕೇತಿ, ಅಂದ. ದವಾಖಾನೆಯ ಮೇಜಿನ ಮುಂದೆ ನರ್ಸು ಕೇಳಿದಳು, ಹೆಂಗಾತು, ಹಿಂದಿನ ಡಬ್ಬಿಯಲ್ಲಿ ಮನುಷ್ಯರನ್ನು ನಿಲ್ಲಿಸಿದ್ದೆ ಅಂದರೆ ಪೊಲೀಸರು, ಬರಹ, ಓಡಾಟ, ಗಾಡಿ ಠಾಣೆಯ ಅಂಗಳದಲ್ಲಿ, ನಾಲಿಗೆ ತಾನೇ ಹೇಳಿತು, ಗಾಡಿ ನಿಂತಿತ್ತು, ಇಳಿಯುವಾಗ ಕಾಲು ಜಾರಿ ಬಿದ್ದ, ಯಮನಪ್ಪ ಇವನ ಮುಖ ನೋಡಿದ, ಹೌದ್ರಿ, ಜಾರಿದ್ನಿ, ಅಂದ. ಎಷ್ಟು ಸಲೀಸಾಗಿ ಅಂದ. ಅದೇ ಸಲೀಸು ಬೀಳುವುದಕ್ಕೆ ಒಂದು ತಾಸು ಮೊದಲೂ ಇತ್ತು, ಹೊಲದ ಬದುವಿನಲ್ಲಿ, ಸಣ್ಣ ಮಳೆ, ಬಾಗಿಲು ಅರ್ಧ ತೆರೆದು, ಅಂಚಿಗೆ ನಾಲ್ಕು ಬೆರಳು—ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಬಿದ್ದದ್ದು ಬ್ರೇಕಿನಿಂದ, ಬ್ರೇಕು ಬಸವಲಿಂಗ ಕೂಡಿಸಿದ್ದು, ಪೈಪು ಬಣ್ಣದವನ ಹತ್ತಿರ ಇದ್ದದ್ದು, ಕುರಿ ಕುರುಬನವು.

ಒಂದ ಮಾತ ಕೇಳ್ತೇನ್ರಿ ಸಣ್ಣ ಭಟ್ಟರ, ಸಿಟ್ಟ ಆಗಬ್ಯಾಡ್ರಿ. ಶಟ್ಟೆವ್ವ ಕಿಟಕಿಯ ಕಡೆ ಮುಖ ಮಾಡಿಯೇ ಇದ್ದಳು. ಕೇಳು. ಕುಡದಿದ್ನೇನ್ರಿ ಅಂವಾ? ಮಿಲಿಂದನಿಗೆ ಮೊದಲು ಮಾತು ತಿಳಿಯಲಿಲ್ಲ, ತಿಳಿದ ಮೇಲೆ ಇಂಜಿನ್ನಿನ ಸದ್ದು ತಟ್ಟನೆ ದೊಡ್ಡದಾಯಿತು, ಅವಳು ಹೇಳುತ್ತಲೇ ಇದ್ದಳು, ಇವನಿಗಲ್ಲ, ಗಾಜಿಗೆ ಹೇಳುವ ಹಾಗೆ, ಎಂಟ ವರ್ಷ ಓಡೂ ಗಾಡಿಯಾಗ ನಿಂತಾಂವ ಬಿದ್ದಿಲ್ಲ, ನಿಂತ ಗಾಡಿಯಾಗ ಹೆಂಗ ಬಿದ್ದಾ, ಜಾರಿದೆ ಅಂದಾ ಫೋನಿನಾಗ, ಹಿಂದಕ ಕುಡದ ಬಂದಾಗೂ ಹಿಂಗ ಅಂತಿದ್ದಾ, ಬಚ್ಚಲದಾಗ ಜಾರಿದೆ, ಬದುವಿಗೆ ಜಾರಿದೆ, ನಾಕ ವರ್ಷ ಆತ್ರಿ ಬಿಟ್ಟು, ಗುಡ್ಡದಾಗ ಎಲ್ಲಮ್ಮನ ಮುಂದ ನನ್ನ ತಲಿ ಮುಟ್ಟಿ ಬಿಟ್ಟಾನ, ಮತ್ತ ಸುರು ಮಾಡ್ಯಾನಂದ್ರ ಕೈ ನೆಟ್ಟಗಾಗೂದ ಬ್ಯಾಡ್ರಿ, ಮುರದs ಇರ್ಲಿ. ಕೊನೆಯ ಮಾತು ಹೇಳುವಾಗ ಅವಳ ದನಿ ಏರಲೂ ಇಲ್ಲ ಇಳಿಯಲೂ ಇಲ್ಲ. ನಿನ್ನೆಯ ಸುಳ್ಳು ಎಲ್ಲಿಗೆ ಹೋಗಿ ಮುಟ್ಟಿದೆ ನೋಡು, ಠಾಣೆಗೆ ಹೋಗಬಾರದೆಂದು ಹೇಳಿದ್ದು ಹೂಲಿಗೆ ಹೋಗಿ ಒಲೆಯ ಮುಂದೆ ಕೂತಿದೆ, ಈಗ ಸುಮ್ಮನಿದ್ದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಇವಳು ದವಾಖಾನೆಯಲ್ಲಿ ಅವನ ಬಾಯಿ ಮೂಸಿ ನೋಡುತ್ತಾಳೆ, ವಾಸನೆ ಇರುವುದಿಲ್ಲ, ಆದರೂ ನಂಬುವುದಿಲ್ಲ, ಅವನು ನನ್ನ ಮಾನ ಕಾಯಲು ಜಾರಿದೆ ಜಾರಿದೆ ಅನ್ನುತ್ತಲೇ ಇರುತ್ತಾನೆ, ಎರಡೂ ಕೈ ಮುರಿದರೂ ಅನ್ನುತ್ತಾನೆ, ಅಂಥ ಮನುಷ್ಯ ಅವನು, ಒಂದೇ ಬುತ್ತಿಯ ರೊಟ್ಟಿ ಎಂಟು ವರ್ಷ ಹರಿದು ತಿಂದಿದ್ದೇವೆ, ಅಪ್ಪನ ಮಡಿ ನನಗಿಲ್ಲ, ಎಂದೂ ಇರಲಿಲ್ಲ, ಎಲ್ಲರಿಗೂ ಗೊತ್ತು. ಕುಡಿದಿರಲಿಲ್ಲ ಶಟ್ಟೆವ್ವಕ್ಕ. ಗಾಡಿ ನಿಂತಿರಲಿಲ್ಲ. ನಾನು ಸುಳ್ಳು ಹೇಳೀನಿ. ಹೇಳತೊಡಗಿದ ಮೇಲೆ ನಿಲ್ಲಲಿಲ್ಲ, ಕುರಿ ಹೇಳಿದ, ಬೂಸ್ಟರು ಹೇಳಿದ, ಕಾಲು ಒದ್ದದ್ದು, ಪೈಪು ಇರದೇ ಇದ್ದದ್ದು, ಕೈ ಗಾಳಿ ಹಿಡಿದದ್ದು, ತಪ್ಪು ನಂದs ಅದ, ಅವಂದು ಏನೂ ಇಲ್ಲ, ದವಾಖಾನಿಯೊಳಗೂ ನಾನs ಹೇಳತೀನಿ, ಪೊಲೀಸರು ಬಂದ್ರ ಬರಲಿ.

ಮಾತು ಮುಗಿಯಿತು, ಇಂಜಿನ್ ಉಳಿಯಿತು. ಬೈಯುತ್ತಾಳೆ ಅಂದುಕೊಂಡ, ಬೈಯಲಿ, ಬೈಸಿಕೊಳ್ಳಲು ಮೈ ಸಿದ್ಧವಾಗಿತ್ತು, ಹಾಗೆ ನೋಡಿದರೆ ಬೈಗುಳ ಬೇಕಾಗಿತ್ತು, ಆದರೆ ಶಟ್ಟೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದ್ದು ಒಂದೇ, ಖರೆನs ಕುಡದಿರಲಿಲ್ಲಲ್ರಿ? ಇಲ್ಲ. ನನ್ನಾಣಿ? ನಿನ್ನಾಣಿ. ಅವಳು ಉಸಿರು ಬಿಟ್ಟಳು, ಆ ಉಸಿರು ರಾತ್ರಿಯಿಂದ ಒಳಗಿದ್ದದ್ದು, ಮುರಕೊಂಡ ಕೈ ಮುರೀತು ಬಿಡ್ರಿ, ಕೂಡತೈತಿ, ಮುಂಜಾನಿಂದ ಎಷ್ಟ ಬೈದೇನಿ ಅವಂಗ ಮನಸಿನಾಗ, ಹೆಣಾ ಎತ್ಲಿ ಅಂದೇನಿ, ನನ್ನ ಬಾಯಿಗಿ ಮಣ್ಣ ಹಾಕ, ಅನ್ನುತ್ತ ನಕ್ಕಳು, ಕಣ್ಣಲ್ಲಿ ನೀರಿತ್ತು ಆದರೆ ನಗು ಖರೆಯದು, ಮತ್ತು ಮೊದಲ ಸಲ ಹಿಂದಕ್ಕೆ ಸರಿದು ಬೆನ್ನು ಆನಿಸಿ ಕೂತಳು, ಪ್ಲಾಸ್ಟಿಕ್ಕು ಉದ್ದಕ್ಕೂ ಚರಚರ ಅಂತು. ಮಿಲಿಂದನ ಕಾಲು ಬ್ರೇಕಿನ ಮೇಲಿಂದ ಇಳಿಯಿತು. ಇಷ್ಟೇ ಇತ್ತೇನು, ಇಷ್ಟಕ್ಕೆ ರಾತ್ರಿಯೆಲ್ಲ ಹೊರಳಾಡಿದೆನೇನು, ಬೈಲಹೊಂಗಲದ ನೀರಿನ ಟಾಕಿ ದೂರದಲ್ಲಿ ಕಾಣುತ್ತಿದೆ, ಸಹಿ ಆಗುತ್ತದೆ, ಪ್ಲೇಟು ಕೂರುತ್ತದೆ, ಆರೂ ಸಿಲಿಂಡರು ಈಗ ಒಂದೂ ತಪ್ಪದೆ ಹೊಡೆಯುತ್ತಿವೆ. ಶಟ್ಟೆವ್ವ ಅಂಗೈಯಿಂದ ಪಕ್ಕದ ಖಾಲಿ ಸೀಟನ್ನು ಸವರಿದಳು, ದನದ ಬೆನ್ನು ಸವರುವ ಹಾಗೆ, ಇದ ಏನ್ರಿ ಅವನ ಜಾಗಾ? ಮನ್ನಿ ಮನಿಗಿ ಬಂದಾಂವ ಉಣ್ಣಾಕ ಕುಂತ ಇದನ್ನs ಹೇಳಿದ್ದು, ಸಣ್ಣ ಭಟ್ಟರು ನನಗೂ ಒಳಗ ಜಾಗಾ ಮಾಡ್ಯಾರ, ಮರೂನ್ ಕಲರ್ ಐತಿ, ಕುಂತ್ರ ಬ್ಯಾಂಕ್ ಮ್ಯಾನೇಜರ್ ಕಂಡಂಗ ಕಾಣತೇನಿ ಅಂದಾ, ನಾ ಅಂದ್ನಿ, ಆ ಧೋತರ ಮ್ಯಾಲೇನೋ ಮ್ಯಾನೇಜರಾ, ಎಷ್ಟ ನಕ್ಕಾ. ನಕ್ಕದ್ದನ್ನು ನೆನೆದು ಅವಳು ಮತ್ತೊಮ್ಮೆ ನಕ್ಕಳು, ಆಮೇಲೆ ಏನೋ ಹೊಳೆದವಳ ಹಾಗೆ ಇವನತ್ತ ತಿರುಗಿದಳು, ಮುಖದಲ್ಲಿ ಅನುಮಾನ ಇಲ್ಲ, ಸುಮ್ಮನೆ ಕೇಳುವ ಮುಖ—ಅಲ್ರಿ, ನಿನ್ನಿ ಮಳಿನೂ ಇತ್ತು, ಜಾಗಾನೂ ಇತ್ತು, ಮತ್ತ ಅಂವ ಹಿಂದ ಯಾಕ ನಿಂತಿದ್ದಾ? ಪೈಪ್ ಹಿಡಿಯಾಕ, ಅನ್ನಬಹುದು, ಉತ್ತರ ನಾಲಿಗೆಯ ತುದಿಯಲ್ಲೇ ಇದೆ, ಯಮನಪ್ಪನೇ ಕೊಟ್ಟ ಉತ್ತರ, ಇರ್ಲಿ ಬಿಡ್ರಿ, ಪೈಪ್ ಹಿಡೀಬೇಕಲ್ಲ, ಅಂದಿದ್ದ ಅವನು, ಡಬ್ಬಿಯಲ್ಲಿದ್ದ ಬೋರಿನ ಪೈಪನ್ನು ಹಗ್ಗದಿಂದ ಎರಡು ಸುತ್ತು ಬಿಗಿದಾಗಿತ್ತು, ಬಿಗಿದವನೂ ಅವನೇ, ಮಿಲಿಂದ ಒಂದು ಮಾತೂ ಆಡಿರಲಿಲ್ಲ, ಬೇಡ ಅಂದಿರಲಿಲ್ಲ, ಇಳಿ ಅಂದಿರಲಿಲ್ಲ, ಬರೀ ನೋಡಿದ್ದ, ನೋಡಿದ್ದು ಕೆಸರನ್ನು, ಮನುಷ್ಯನನ್ನಲ್ಲ, ಕೆಸರಿಗೆ ಜಾತಿ ಎಲ್ಲಿದೆ, ತನ್ನ ಕಾಲಲ್ಲೂ ಕೆಸರಿತ್ತು, ತಾನು ಆಗಲೇ ಹತ್ತಿ ಕೂತಾಗಿತ್ತು, ಸಣ್ಣ ಮಳೆ, ಬಾಗಿಲು ಅರ್ಧ ತೆರೆದಿದೆ, ಮೆಟ್ಟಿಲ ಮೇಲೆ ಯಮನಪ್ಪನ ಒಂದು ಕಾಲು, ಮೀನಖಂಡದವರೆಗೆ ಕರಿ ಮಣ್ಣು, ಬಾಗಿಲಿನ ಅಂಚಿಗೆ ನಾಲ್ಕು ಬೆರಳು, ಇವನ ಕಣ್ಣು ಆ ಕಾಲಿನಿಂದ ಪ್ಲಾಸ್ಟಿಕ್ಕಿಗೆ ಹೋಯಿತು, ಪ್ಲಾಸ್ಟಿಕ್ಕಿನಿಂದ ಕಾಲಿಗೆ ಬಂತು, ಅಷ್ಟೇ, ಕಾಲು ಕೆಳಗಿಳಿಯಿತು, ಶಟ್ಟೆವ್ವ ಕಾಯುತ್ತಿದ್ದಾಳೆ, ಏನ್ರಿ, ಅಂದಳು, ಕಾಲು ಕೆಳಗಿಳಿಯಿತು, ಬಾಗಿಲಿನ ಅಂಚಿನಿಂದ ಒಂದು ಬೆರಳು ಬಿಟ್ಟಿತು, ಎರಡನೆಯದು ಬಿಟ್ಟಿತು, ಮೂರನೆಯದು—