ಬೀಜ ಇಲ್ಲದ ಲಿಂಬಿಯ ನಾಲ್ಕು ಬೀಜ

ಆ ದಿನ ಬೆಳಗ್ಗೆ ಯಳವತ್ತಿಯ ಮೇಲೆ ಮೋಡ ಕವಿದಿತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ಆಷಾಢದ ಪಡುವಣ ಗಾಳಿ ತಗಡಿನ ಮಾಡನ್ನು ಬಡಿಬಡಿದು ಹೋಗುತ್ತಿತ್ತು. ದಿಲಶಾದಬಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಡೆದ ಕೊಡದೊಳಗಿನ ಮಣ್ಣನ್ನು ಬೆರಳಿನಿಂದ ಕೆದರಿ ನೋಡಿದಳು. ಬೀಜ ಊರಿ ನಲವತ್ತು ದಿನವಾಗಿತ್ತು. ಒಂದು ಮೊಳಕೆಯೂ ಇಲ್ಲ.

“ನಾ ಮೊದಲ ಹೇಳಿದ್ನೆಲ್ಲ,” ಎಂದ ಗಂಡ ಲಾಡಸಾಬ, ಹೊಸ್ತಿಲ ಮೇಲೆ ಕುಳಿತು ಚಹಾ ಊದುತ್ತ. “ಬೀಜಿಲ್ಲದ ಲಿಂಬ್ಯಾಗ ಸಿಕ್ಕದ್ದು ಜೊಳ್ಳು ಬೀಜ. ಹ್ಯಾಂಗ ಹುಟ್ಟೀತು? ಸುಮ್ನ ಲಕ್ಷ್ಮೇಶ್ವರದಾಗ ಒಂದು ಸಸಿ ತಂದು ಗುರುಸಿದ್ದವ್ವಗ ಕೊಟ್ಟುಬಿಡು.”

“ಪ್ಯಾಟಿ ಸಸಿ ಅವರವ್ವ ಕೊಟ್ಟದ್ದು ಆಕ್ಕೈತೇನ್ರಿ?”

ಲಾಡಸಾಬ ಉಳಿದ ಚಹಾ ಗುಟುಕರಿಸಿದ.

ಪಕ್ಕದ ಮನೆಯ ಗುರುಸಿದ್ದವ್ವನ ಹಿತ್ತಲಲ್ಲಿ ಒಂದು ನಿಂಬೆ ಗಿಡವಿತ್ತು. ಅವಳ ಚೊಚ್ಚಲ ಬಾಣಂತನ ಮುಗಿದಾಗ, ಅವಳ ತಾಯಿ ಮುಂಡರಗಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ ಅದು. ಹಣ್ಣಿನಲ್ಲಿ ಬೀಜ ಕಾಣುವುದೇ ಅಪರೂಪ, ಹಿಂಡಿದರೆ ಬರೀ ರಸ. ತಾಯಿ ತೀರಿಹೋಗಿ ವರ್ಷಗಳಾದವು. ಗಿಡವೊಂದು ಉಳಿದಿತ್ತು. ಪ್ರತಿ ರಮಜಾನಿನಲ್ಲಿ ಇಳಿಹೊತ್ತಿಗೆ ಸರಿಯಾಗಿ ಗುರುಸಿದ್ದವ್ವ ಗೋಡೆಯ ಮೇಲಿಂದ ಉಡಿಯ ತುಂಬ ನಿಂಬೆ ಸುರಿಯುತ್ತಿದ್ದಳು. “ಒಪ್ಪತ್ತು ಇದ್ದೀಯವಾ, ಶರಬತ್ತು ಮಾಡ್ಕೋ,” ಎನ್ನುವಳು. ದಿಲಶಾದಬಿಯ ರೋಜಾ ಬಿಡುತ್ತಿದ್ದುದು ಹೆಚ್ಚಾಗಿ ಆ ನಿಂಬೆಯಿಂದಲೇ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದಿಲಶಾದಬಿಯ ಆಡು ಸಡಿಲಾದ ಹಗ್ಗ ಬಿಚ್ಚಿಕೊಂಡು ಗೋಡೆ ಹಾರಿತು. ಯಾರಾದರೂ ನೋಡುವಷ್ಟರಲ್ಲಿ ಗಿಡದ ಬೊಡ್ಡೆಯ ತೊಗಟೆ ಸುಲಿದಾಗಿತ್ತು. ದಿನ ಕಳೆದಂತೆ ಟೊಂಗೆಗಳು ಒಂದೊಂದಾಗಿ ಒಣಗಿದವು. ಗುರುಸಿದ್ದವ್ವ ಬೈಯಲಿಲ್ಲ. “ಆಡಿಗೇನು ತಿಳಿತೈತಿ ಬಿಡು,” ಎಂದು ಉದುರಿದ ಹಣ್ಣನ್ನೂ ಆರಿಸಿ ಗೋಡೆಯಾಚೆ ಕೊಟ್ಟಳು. ಬೈದಿದ್ದರೆ ದಿಲಶಾದಬಿಗೆ ನಿದ್ದೆಯಾದರೂ ಬರುತ್ತಿತ್ತು.

ಆ ಹಣ್ಣು ಹೆಚ್ಚುವಾಗಲೇ ಐದು ಬೀಜ ಸಿಕ್ಕಿದ್ದವು. ಅಲ್ಲಾಹನೇ ಕೈಗೆ ಕೊಟ್ಟನೆಂದು ಜೋಪಾನವಾಗಿ ಎತ್ತಿಟ್ಟಿದ್ದಳು. ಈಗ ನೋಡಿದರೆ ಹೀಗೆ.

ಅಂದೇ ಹನ್ನೊಂದು ಗಂಟೆಗೆ ಮಹಿಳಾ ಸಂಘದ ಸಭೆಗೆ, ಬೇಸಾಯದ ಸಲಹೆ ಕೊಡುವ ಕೃಷಿ ಸಖಿ ಸಾಯಿಮಾ ಬಂದಳು. ಸಭೆ ಮುಗಿದ ಮೇಲೆ ದಿಲಶಾದಬಿ ಅವಳ ಕೈ ಹಿಡಿದು ಹಿತ್ತಲಿಗೆ ಕರೆತಂದು, ಆಡು ತಿಂದ ಗಿಡದ ಕಥೆಯನ್ನೆಲ್ಲ ಹೇಳಿದಳು.

“ಬೀಜ ಹ್ಯಾಂಗ ಇಟ್ಟಿದ್ರಿ ಚಾಚಿ?”

“ಎಲ್ಲಾ ಬೀಜ ಇಟ್ಟಂಗ. ಬೂದಿ ಹಚ್ಚಿ, ಮೂರು ದಿನ ಖಡಕ್ ಬಿಸಿಲಿಗೆ ಹಾಕಿ, ಗಡಿಗ್ಯಾಗ ಇಟ್ಟಿದ್ನಿ. ಅಲಸಂದಿ, ಸೌತಿ, ಹೀರಿ, ಎಲ್ಲಾ ಹಂಗ ಇಡ್ತೀವಲ್ಲ.”

ಸಾಯಿಮಾ ಹಣೆ ತಟ್ಟಿಕೊಂಡು ನಕ್ಕಳು. “ಅಲ್ಲೇ ತಪ್ಪಾತ್ರಿ. ಅಲಸಂದಿ ಒಣಗಿದ್ರ ಬಾಳಿಕಿ ಬರ್ತೈತಿ. ಲಿಂಬಿ, ಮೋಸಂಬಿ, ಕಿತ್ತಳಿ ಬೀಜ ಒಣಗಿದ್ರ ಸಾಯ್ತೈತಿ. ಹಣ್ಣಿನಿಂದ ತಗದ ದಿನಾನ ಲೋಳಿ ತೊಳದು, ಹಸಿ ಇದ್ದಾಗ ಊರಬೇಕು.”

“ಅದಿರ್ಲಿ ಬೇಟಿ,” ಎಂದು ಲಾಡಸಾಬ ನಡುವೆ ಬಂದ. “ಬೀಜಿಲ್ಲದ ಹಣ್ಣಿಗೆ ಬೀಜ ಎಲ್ಲಿಂದ ಬಂತು? ಮೊದಲ ಅದನ್ನ ಹೇಳು.”

“ಬೀಜಿಲ್ಲ ಅಂದ್ರ ಒಂದೂ ಇಲ್ಲ ಅಂತಲ್ಲ ಚಾಚಾ, ಭಾಳ ಕಮ್ಮಿ ಅಂತ. ಹತ್ರದಾಗ ಬೀಜದ ಲಿಂಬಿ ಇದ್ರ, ಜೇನುಹುಳ ಅದರ ಹೂವಿನ ಧೂಳ ತಂದು ಇದರ ಹೂವಿಗೆ ಮುಟ್ಟಿಸ್ತಾವು. ಆವಾಗ ಕೆಲವೊಂದು ಜಾತಿ ಗಿಡ ಬೀಜ ಕಟ್ತಾವು.”

“ದರ್ಗಾದ ಹಿಂದ ಒಂದು ಗಿಡ ಐತಿ ನೋಡು!” ಎಂದಳು ದಿಲಶಾದಬಿ.

“ಹಂಗಾರ ಜೇನಿಗೂ ಗ್ವಾಡಿ ಇಲ್ಲ, ನಮ್ಮ ಆಡಿಗೂ ಗ್ವಾಡಿ ಇಲ್ಲ,” ಎಂದ ಲಾಡಸಾಬ. ದಿಲಶಾದಬಿ ಕಣ್ಣು ಕೆಕ್ಕರಿಸಿದಳು. “ಹಗ್ಗ ಸಡಲ ಕಟ್ಟಿದವರು ಯಾರ್ರಿ?”

ಸಾಯಿಮಾ ನಗು ತಡೆದುಕೊಂಡು ಹೇಳಿದಳು: “ಒಂದು ಮಾತು ಖರೆ ಹೇಳ್ತೀನಿ ಚಾಚಿ. ಬೀಜದಿಂದ ಗಿಡ ಆಕ್ಕೈತಿ. ಆದ್ರ ಅದ ಹಣ್ಣು ಬರ್ತೈತಿ ಅಂತ ಮಾತು ಕೊಡಾಕ ಬರಂಗಿಲ್ಲ. ಬೀಜ ತುಂಬಿದ ಹಣ್ಣು ಬರಬಹುದು. ಮುಳ್ಳು ಜಾಸ್ತಿ. ಕಾಯಿ ಹಿಡಿಯಾಕ ಐದಾರು ವರ್ಷ ಬೇಕು, ಇನ್ನೂ ತಡ ಆದ್ರೂ ಆತು.”

ದಿಲಶಾದಬಿಯ ಮುಖ ಇಳಿಯಿತು.

“ಗುರುಸಿದ್ದವ್ವಕ್ಕಾರ ಗಿಡದಾಗ ಒಂದರ ಹಸಿ ಟೊಂಗಿ ಉಳದೈತೇನು?” ಎಂದಳು ಸಾಯಿಮಾ.

“ಗ್ವಾಡಿ ಕಡೆದೊಂದು ಐತಿ. ಆ ಕಡೆ ತೊಗಟಿ ಆಡಿಗೆ ನಿಲುಕಿಲ್ಲ.”

“ಹಂಗಾರ ದಾರಿ ಐತಿ! ಸಸಿ ಪೆನ್ಸಿಲ್ಲಿನಷ್ಟು ದಪ್ಪ ಆದ ಮ್ಯಾಲೆ, ಆ ಟೊಂಗಿದೊಂದು ಕಣ್ಣು, ಅಂದ್ರ ಎಲಿ ಬುಡದ ಚಿಗುರುಮೊಗ್ಗು, ತಗದು ಇದಕ್ಕ ಕೂಡಿಸೋಣು. ಬೇರು ಬೀಜದ್ದು, ಹಣ್ಣು ಅವರವ್ವನ ಗಿಡದ್ದು. ಅಲ್ಲೀತನ ಆ ಟೊಂಗಿ ಜೀವ ಹಿಡೀಬೇಕು, ನೋಡ್ರಿ.”

ಬೀಜ ಬೇಕಾದರೆ ಹಣ್ಣು ಬೇಕು. ದಿಲಶಾದಬಿ ಅಳುಕುತ್ತಲೇ ಪಕ್ಕದ ಹೊಸ್ತಿಲಲ್ಲಿ ನಿಂತಳು. ಬಂದ ಕಾರಣ ಕೇಳಿದ ಗುರುಸಿದ್ದವ್ವ ಒಳಗೆ ಹೋಗಿ ದೇವರ ಮುಂದಿಟ್ಟಿದ್ದ ಎರಡು ನಿಂಬೆ ತಂದಳು. “ಉಳದ ಟೊಂಗ್ಯಾಗಿನ ಕಡೀ ಹಣ್ಣು ಇವು. ದೇವರಿಗೆ ಏರಿಸಿದ್ನಿ, ಈಗ ನೀ ಒಯ್ಯಿ.”

ಮೊದಲ ಹಣ್ಣು ಕೊಯ್ದರು. ಒಂದು ಬೀಜವೂ ಇಲ್ಲ. ದಿಲಶಾದಬಿ ಬಿಸ್ಮಿಲ್ಲಾ ಎಂದು ಎರಡನೆಯದಕ್ಕೆ ಚೂರಿ ಇಟ್ಟಳು. ನಾಲ್ಕು ಬೀಜ!

ತೊಳೆದ ಬೀಜಗಳನ್ನು ಆಗಲೇ, ತಳದಲ್ಲಿ ತೂತು ಮಾಡಿದ ಹಾಲಿನ ಪಾಕೀಟಿನಲ್ಲಿ, ಕೆಮ್ಮಣ್ಣು, ಉಸುಕು, ಹಳೆಯ ಗೊಬ್ಬರ ಕಲಸಿ ಅರ್ಧ ಇಂಚು ಆಳಕ್ಕೆ ಊರಿದರು. ಮಣ್ಣು ಹಸಿಯಾಗಿರಬೇಕು, ನೀರು ನಿಲ್ಲಬಾರದು ಎಂದಳು ಸಾಯಿಮಾ. ಗಾಯವಾದ ಬೊಡ್ಡೆಗೆ ಅವಳೇ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಸವರಿದಳು.

ಇಪ್ಪತ್ತೆರಡನೆಯ ದಿನ ಮೂರು ಬೀಜ ಮೊಳೆತವು. ಒಂದರಿಂದ ಎರಡು ಸಸಿ ಎದ್ದಿದ್ದವು. “ಜೊಳ್ಳು ಬೀಜ ಅವಳಿ ಹಡದೈತಲ್ಲೇ!” ಎಂದು ಲಾಡಸಾಬ ಓಣಿಗೆಲ್ಲ ಕೇಳುವಂತೆ ಕೂಗಿದ. ಅವಳಿಯಲ್ಲಿ ಬಡಕಲಾದುದನ್ನು ಸಾಯಿಮಾ ಕಿತ್ತಳು. ಅಂದೇ ಲಾಡಸಾಬ ಸಸಿಗಳ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದ, ಆಡಿಗೆ ಹೊಸ ಹಗ್ಗ ತಂದ.

ಗೋಡೆಯ ಕಡೆಯ ಟೊಂಗೆ ಉಳಿಯಲೆಂದು ಒಂದು ವರ್ಷ ಇಬ್ಬರೂ ಹೆಂಗಸರು ಸರದಿಯಲ್ಲಿ ಗಿಡಕ್ಕೆ ನೀರು ಹಾಕಿದರು. ಬೇಸಿಗೆಯಲ್ಲಿ ಅದರ ಎಲೆ ಮುದುಡಿದಾಗ ಒಬ್ಬಳು ವಿಭೂತಿ ಹಚ್ಚಿಕೊಂಡು ಕೈ ಮುಗಿದಳು, ಇನ್ನೊಬ್ಬಳು ದುವಾ ಬೇಡಿದಳು. ಟೊಂಗೆ ಉಳಿಯಿತು. ಮುಂದಿನ ಶ್ರಾವಣದಲ್ಲಿ ಸಾಯಿಮಾ ಎರಡು ಸಸಿಗೆ ಕಣ್ಣು ಕಸಿ ಮಾಡಿದಳು. ಒಂದು ಕಣ್ಣು ಕಪ್ಪಾಗಿ ಉದುರಿತು. ಇನ್ನೊಂದು ಚಿಗುರಿತು. ಕಸಿಯ ಕೆಳಗೆ ಬಂದ ಚಿಗುರನ್ನೆಲ್ಲ ದಿಲಶಾದಬಿ ತಪ್ಪದೆ ಚಿವುಟಿದಳು, ಬಿಟ್ಟರೆ ಬೇರಿನ ಗಿಡವೇ ಬೆಳೆದು ಕಸಿಯನ್ನು ನುಂಗುತ್ತದೆ. ಕಸಿ ಮಾಡದ ಮೂರನೆಯ ಸಸಿ ಅವಳ ಹಿತ್ತಲಿನಲ್ಲೇ ನಿಂತಿದೆ. ಅದು ಎಂಥ ಹಣ್ಣು ಕೊಡುತ್ತದೋ, ಕೊಟ್ಟವನಿಗೆ ಗೊತ್ತು.

ಅವ್ವಂದಿರೇ, ಅಣ್ಣಂದಿರೇ, ನಿಮ್ಮ ತಟ್ಟೆಯಲ್ಲೂ ಬೀಜವಿಲ್ಲದ ನಿಂಬೆಯೊಳಗೆ ಒಂದು ಬೀಜ ಸಿಕ್ಕೀತು. ಉಗುಳಿ ಎಸೆಯಬೇಡಿ, ಬೂದಿ ಹಚ್ಚಿ ಒಣಗಿಸಲೂ ಬೇಡಿ. ತೊಳೆದು ಅಂದೇ ಊರಿ. ಅದೇ ರುಚಿ ಬೇಕೆಂದರೆ ತಾಯಿಗಿಡದ ಕಣ್ಣು ಕೂಡಿಸಿ. ಕಸಿ ಮಾಡಲು ಬಾರದಿದ್ದರೆ ನಿಮ್ಮೂರ ಕೃಷಿ ಸಖಿಯನ್ನು ಕೇಳಿ, ನಾಚಿಕೊಳ್ಳಬೇಡಿ. ನಿಮ್ಮ ಓಣಿಯಲ್ಲಿ ಯಾರದಾದರೂ ಹಳೆಯ ಒಳ್ಳೆಯ ಗಿಡವಿದ್ದರೆ, ಅದು ಹಸಿರಾಗಿರುವಾಗಲೇ ಒಂದು ಸಸಿ ಮಾಡಿಟ್ಟುಕೊಳ್ಳಿ.

ರಮಜಾನಿನ ಮೊದಲ ದಿನ ಇಳಿಹೊತ್ತು. ದಿಲಶಾದಬಿ ಗೋಡೆಯ ಹತ್ತಿರ ಬಂದು, “ಅಕ್ಕಾರ,” ಎಂದಳು. ಎರಡೂ ಕೈಯಲ್ಲಿ ಹಿಡಿದಿದ್ದ ಕಸಿಯ ಸಸಿಯನ್ನು ಗೋಡೆಯಾಚೆ ಚಾಚಿದಳು.

ಗುರುಸಿದ್ದವ್ವ ಉಡಿ ಒಡ್ಡಿದಳು.