ಲ್ಯಾಪ್‌ಟಾಪಿನ ದವಡೆಯ ಅಚ್ಚು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದ ಲ್ಯಾಪ್‌ಟಾಪು ಎಷ್ಟು ನಿಧಾನವೆಂದರೆ, ಒಂದು ಎಕ್ಸ್‌ರೇ ತೆರೆದುಕೊಳ್ಳುವಷ್ಟರಲ್ಲಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ದವಡೆ ಹಿಡಿದುಕೊಳ್ಳುತ್ತಿತ್ತು. ಕೆಲವರು ಹಾಗೇ ನಿದ್ದೆ ಹೋಗುತ್ತಿದ್ದರು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಪರದೆಯತ್ತ ನೋಡುತ್ತ, "ಬರುತ್ತೆ, ಬರುತ್ತೆ," ಎನ್ನುತ್ತಿದ್ದರು. ಅದನ್ನು ರೋಗಿಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ಹೇಳುವುದು ಕಷ್ಟ.

ಕಾದವರ ಸಿಟ್ಟೆಲ್ಲ ಬಂದು ಬೀಳುತ್ತಿದ್ದದ್ದು ಕೌಂಟರಮ್ಮನ ಮೇಲೆ. ಅವಳು ಡಾಕ್ಟರ ಹೆಂಡತಿಯ ತಂಗಿ. ಹನ್ನೊಂದು ವರ್ಷದಿಂದ ಮುಂಗೋಣೆಯಲ್ಲಿ ಕೂತು ಟೋಕನ್ ಕೊಡುವುದು, ಹೆಸರು ಬರೆದುಕೊಳ್ಳುವುದು, ಅಳುವ ಮಕ್ಕಳನ್ನೂ ಅಳಲು ನಾಚುವ ದೊಡ್ಡವರನ್ನೂ ಸಮಾಧಾನ ಮಾಡುವುದು ಅವಳ ಕೆಲಸ. ಒಳಗಿನ ಉಪಕರಣವನ್ನು ಮಾತ್ರ ಒರೆಸುವುದು ಬಿಟ್ಟರೆ ಮುಟ್ಟುವ ಹಾಗಿರಲಿಲ್ಲ. ಈ ಕ್ಲಿನಿಕ್ಕಿನಲ್ಲಿ ಏನನ್ನು ಕೂರಿಸುವುದಿದ್ದರೂ, ಏನನ್ನು ಕೀಳುವುದಿದ್ದರೂ ಅದು ತಮ್ಮ ಕೈಯಿಂದಲೇ ಆಗಬೇಕು ಎಂದು ಭಾವ ಮೊದಲ ದಿನವೇ ಹೇಳಿಬಿಟ್ಟಿದ್ದರು.

ಒಂದು ಬೆಳಿಗ್ಗೆ ಅವಳು ಸಹಿಸಲಾರದೆ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು.

"ಮೆಮೊರಿ ಸಾಲ್ತಾ ಇಲ್ಲಮ್ಮ," ಎಂದ ಅವನು. "ಒಳಗೆ ಇನ್ನೊಂದಕ್ಕೆ ಜಾಗ ಖಾಲಿ ಇರುತ್ತೆ. ಹೊಂದೋ ಅಂಥದ್ದೊಂದು ಹಾಕಿದ್ರೆ ಆಯ್ತು. ತಳದಲ್ಲಿ ಮಾಡೆಲ್ ನಂಬರ್ ಇರುತ್ತೆ, ಓದಿ."

ತಳ ತಿರುಗಿಸಿದರೆ ಚೀಟಿ ಹಾಲಿನಂತೆ ಬೆಳ್ಳಗಿತ್ತು. ಆರು ವರ್ಷ ದಿನಕ್ಕೆರಡು ಬಾರಿ ಅವಳೇ ಸ್ಪಿರಿಟ್ ಹಾಕಿ ಒರೆಸಿದ್ದಳು. ಕ್ಲಿನಿಕ್ಕು ಅಂದಮೇಲೆ ಚೊಕ್ಕಟವಾಗಿರಬೇಡವೇ?

"ಹಾಗಾದ್ರೆ ಲ್ಯಾಪ್‌ಟಾಪನ್ನೇ ತಗೊಂಡು ಬನ್ನಿ," ಎಂದ ರಿಪೇರಿಯವನು.

ಇದಕ್ಕೆ ಡಾಕ್ಟರು ಸುತಾರಾಂ ಒಪ್ಪಲಿಲ್ಲ. "ಅದರಲ್ಲಿ ಎರಡು ಸಾವಿರ ಜನರ ಬಾಯಿ ಇದೆ, ಪುಟ್ಟಿ. ಅಂಗಡಿ ಮೇಜಿನ ಮೇಲೆ ಅದನ್ನ ಬಿಚ್ಚಿಡೋಕಾಗಲ್ಲ. ನಾನೇ ನೋಡ್ತೀನಿ. ಟೋಕನ್ ಬರಿ."

"ಯಾರಿಗೆ?"

"ಅದಕ್ಕೇ. ಟೋಕನ್ ಇಲ್ಲದೆ ಇವತ್ತಿನವರೆಗೂ ಯಾರನ್ನಾದರೂ ಒಳಗೆ ಬಿಟ್ಟಿದೀವಾ?"

ಕೌಂಟರಮ್ಮ ನೋಂದಣಿ ಪುಸ್ತಕದಲ್ಲಿ ಬರೆದಳು: ಹೆಸರು, ಲ್ಯಾಪ್‌ಟಾಪು. ವಯಸ್ಸು, ಆರು. ತೊಂದರೆ, ನಿಧಾನ. ಟೋಕನ್ ನಾಲ್ಕು.

ಟೋಕನ್ ಐದು, ನಿವೃತ್ತ ಮೇಷ್ಟ್ರದು. ಅರ್ಧ ಆಗಿದ್ದ ಬೇರಿನ ಚಿಕಿತ್ಸೆ ಮುಗಿಸಿಕೊಳ್ಳಲು ಅವರು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು.

ಡಾಕ್ಟರು ಲ್ಯಾಪ್‌ಟಾಪನ್ನು ಕುರ್ಚಿಯ ಮೇಲೆ ಮಗುಚಿ ಮಲಗಿಸಿ, ರೋಗಿಗಳಿಗೆ ಕಟ್ಟುವ ನೀಲಿ ಕಾಗದದ ಎದೆಗವುಸು ಕಟ್ಟಿ, ದೀಪ ಎಳೆದುಕೊಂಡರು. "ಏನೂ ನೋಯಲ್ಲ," ಎಂದು ಅಭ್ಯಾಸಬಲದಿಂದ ಹೇಳಿ ಬ್ಯಾಟರಿ ತೆಗೆದು, ಸ್ಕ್ರೂ ಬಿಚ್ಚಿದರು. ಒಳಗೆ ಬೆರಳುದ್ದದ ಹಸಿರು ಮೆಮೊರಿ ಪಟ್ಟಿಯೊಂದು ಮಲಗಿತ್ತು. ಪಕ್ಕದ ಜಾಗ ಖಾಲಿ. ಪಟ್ಟಿಯ ಬರಹ ಕೆಳಮುಖವಾಗಿತ್ತು.

"ಅದನ್ನ ತೆಗೆದು ಓದಿಬಿಡಿ ಭಾವ," ಎಂದಳು ಅವಳು ಬಾಗಿಲಲ್ಲಿ ನಿಂತು.

ಡಾಕ್ಟರು ಮುಖಗವುಸು ಕೆಳಗಿಳಿಸಿದರು. "ಗಟ್ಟಿಯಾಗಿರೋದನ್ನ ಕೀಳೋ ಡಾಕ್ಟರು ನಾನಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಆ ಪಾಪ ಮಾಡಿಲ್ಲ. ಖಾಲಿ ಜಾಗದ ಅಚ್ಚು ತೆಗೆದರೆ ಸಾಕು."

ತೆಗೆದೇಬಿಟ್ಟರು. ಗುಲಾಬಿ ಬಣ್ಣದ ಹಿಟ್ಟು ನಾದಿ, ಖಾಲಿ ಜಾಗಕ್ಕೆ ಒತ್ತಿ, ನಾಲ್ಕು ನಿಮಿಷ ಗಡಿಯಾರ ನೋಡಿ ಮೆಲ್ಲಗೆ ಎಳೆದರು. ಆಮೇಲೆ ಅದಕ್ಕೆ ಗಾರೆ ಸುರಿದು ಪ್ರತಿರೂಪ ಮಾಡಿದರು. ಅದು ಒಣಗುವವರೆಗೂ ಮೇಷ್ಟ್ರು ಕಾದರು. ಒಳಗೆ ಹೋದದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಚೂರೂ ಕೂಗಾಡದ ಆ ನಾಲ್ಕನೇ ಟೋಕನ್ನಿನವರ ಧೈರ್ಯವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರು.

ಹಲ್ಲುಸೆಟ್ಟಿನ ಡಬ್ಬಿಯಲ್ಲಿ ಗಾರೆಯ ತುಂಡು ಇಟ್ಟುಕೊಂಡು ಕೌಂಟರಮ್ಮ ಎರಡು ಬೀದಿ ದಾಟಿ ಅಂಗಡಿಗೆ ಹೋದಳು. ರಿಪೇರಿಯವನು ಡಬ್ಬಿಯ ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ.

"ಇದು ಯಾರದು?"

"ಲ್ಯಾಪ್‌ಟಾಪಿಂದು. ಇದಕ್ಕೆ ಹೊಂದೋ ಮೆಮೊರಿ ಬೇಕು."

ಅವನು ನಗುತ್ತಾನೆಂದು ಅವಳು ಎದೆ ಗಟ್ಟಿಮಾಡಿಕೊಂಡು ಬಂದಿದ್ದಳು. ಅವನು ನಗಲಿಲ್ಲ. ಗಾರೆಯ ತುಂಡನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ, ಅಂಗಡಿಯಲ್ಲಿ ಇಷ್ಟು ಚೆನ್ನಾಗಿ ಯಾರೂ ಯಾವತ್ತೂ ವಿವರ ಕೊಟ್ಟಿಲ್ಲ ಎಂದ.

"ನೋಡಿ, ಇಲ್ಲೊಂದು ಕಚ್ಚು ಇದೆ. ಪ್ರತಿ ತಲೆಮಾರಿನ ಮೆಮೊರಿಗೂ ಕಚ್ಚಿನ ಜಾಗ ಬೇರೆ. ಒಂದಕ್ಕೆ ಇನ್ನೊಂದು ಕೂರಲ್ಲ. ನಿಮ್ಮದು ಮೂರನೇ ತಲೆಮಾರು."

"ಕಚ್ಚೋದು ಸರಿಯಾಗಿರಬೇಕು ಅಂತ ನಮ್ಮ ಭಾವಾನೂ ಹೇಳ್ತಾರೆ."

"ಆದ್ರೆ ಮೂರನೇ ತಲೆಮಾರಲ್ಲೇ ಎರಡು ಜಾತಿ. ಒಂದು ಸಾಮಾನ್ಯದ್ದು, ಇನ್ನೊಂದು ಕರೆಂಟು ಕಮ್ಮಿ ಬಳಸೋದು. ಎರಡಕ್ಕೂ ಕಚ್ಚು ಒಂದೇ. ನಿಮ್ಮದು ಯಾವುದಂತ ಅಚ್ಚಲ್ಲಿ ಗೊತ್ತಾಗಲ್ಲ. ಕಮ್ಮಿ ಬಳಸೋದು ತಗೊಳ್ಳಿ, ಅದು ಎರಡು ಕಡೆಗೂ ಆಗುತ್ತೆ." ಅವನು ಡ್ರಾಯರಿನಿಂದ ನೀಲಿ ಪಟ್ಟಿಯೊಂದನ್ನು ತೆಗೆದಿಟ್ಟ.

ಕೌಂಟರಮ್ಮ ಭಾವ ಬರೆದು ಕಳಿಸಿದ್ದ ಚೀಟಿ ಬಿಡಿಸಿದಳು. ಅದರಲ್ಲಿ ಅಡಿಗೆ ಎರಡು ಗೆರೆ ಎಳೆದು ಬರೆದಿತ್ತು: ಬಣ್ಣ ಪಕ್ಕದ್ದಕ್ಕೆ ಹೊಂದಬೇಕು, ಕಡುಹಸಿರು.

"ಹಸಿರಿಲ್ವಾ?"

"ನನ್ನ ಹತ್ರ ಹಸಿರು ಇರೋದು ಸಾಮಾನ್ಯದ್ದು. ಬಣ್ಣಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲಮ್ಮ."

ಅವಳಿಗೆ ಅವನ ಮಾತೇ ಸರಿ ಎನ್ನಿಸಿತು. ಆದರೆ ಹನ್ನೊಂದು ವರ್ಷ ಚೀಟಿಯಲ್ಲಿ ಬರೆದದ್ದನ್ನೇ ತಂದು ರೂಢಿಯಾದ ಕೈ. ಹಸಿರನ್ನೇ ತಂದಳು. ದಾರಿಯುದ್ದಕ್ಕೂ ತನ್ನ ಮೇಲೆ ತನಗೇ ಮುನಿಸು.

ಡಾಕ್ಟರು ಹಸಿರು ಪಟ್ಟಿಯನ್ನು ಹಳೆಯದರ ಪಕ್ಕ ಹಿಡಿದು ನೋಡಿ ತೃಪ್ತರಾದರು. ಕೂರಿಸಿದರು, ಮುಚ್ಚಿದರು, ಗುಂಡಿ ಒತ್ತಿದರು. ಪರದೆ ಕಪ್ಪಗೇ ಉಳಿದು, ಲ್ಯಾಪ್‌ಟಾಪು ಮೂರು ಸಲ ಬೀಪ್ ಎಂದಿತು. ತಮ್ಮನ್ನೇ ಕರೆದರೆಂದು ಮೇಷ್ಟ್ರು ಎದ್ದು ಒಳಗೆ ಬಂದರು. ಕುರ್ಚಿಯಲ್ಲಿ ಎದೆಗವುಸು ಕಟ್ಟಿಕೊಂಡು ಮಲಗಿದ್ದವರನ್ನು ಕಂಡಾಗ ಅವರ ಕರವಸ್ತ್ರ ಕೆನ್ನೆಯಿಂದ ಜಾರಿತು.

"ಎರಡು ಗಂಟೆ ಹೊತ್ತು ನಾನು ಕಾದಿದ್ದು ಇದಕ್ಕಾ?"

"ಇದರದ್ದು ನಿಮಗಿಂತ ಮುಂಚಿನ ಟೋಕನ್ನು, ಸಾರ್," ಎಂದರು ಡಾಕ್ಟರು ಗಂಭೀರವಾಗಿ.

ಮೇಷ್ಟ್ರು ಹೊರಗೆ ಹೋಗಿ ಪುಸ್ತಕ ತೆರೆಸಿ ನೋಡಿದರು. ನಾಲ್ಕು. ನಲವತ್ತು ವರ್ಷ ಹಾಜರಿ ಕರೆದ ಮನುಷ್ಯ. ಪುಸ್ತಕದಲ್ಲಿ ಇದ್ದ ಮೇಲೆ ಎದುರಾಡುವಂತಿರಲಿಲ್ಲ. "ವಯಸ್ಸು ಆರೇ ಅಂತೆ," ಎಂದು ಗೊಣಗಿ, ವಾಪಸು ಬಂದು, ಏನಾಗುತ್ತದೋ ನೋಡೋಣವೆಂದು ಒಳಗೇ ನಿಂತರು.

"ಹಸಿರು ಇದಕ್ಕೆ ಒಗ್ಗಲ್ಲ ಭಾವ. ನೀಲಿ ತರಬೇಕಿತ್ತು."

"ಹಸಿರಿನ ಪಕ್ಕ ನೀಲಿನಾ?"

"ಮುಚ್ಚಳ ಹಾಕಿದ್ಮೇಲೆ ಯಾರಿಗೆ ಕಾಣುತ್ತೆ?"

"ದವಡೆ ಹಲ್ಲೂ ಯಾರಿಗೂ ಕಾಣಲ್ಲ. ಆದ್ರೂ ನಾನು ಬಣ್ಣ ನೋಡದೆ ಒಂದನ್ನೂ ಕೂರಿಸಿಲ್ಲ."

ಕೌಂಟರಮ್ಮ ನೇರ ಕುರ್ಚಿಯ ಪಕ್ಕಕ್ಕೆ ಬಂದಳು. ಲ್ಯಾಪ್‌ಟಾಪಿನ ಬ್ಯಾಟರಿ ತೆಗೆದು, ಮತ್ತೆ ಮುಚ್ಚಳ ಬಿಚ್ಚಿ, ಹೊಸ ಪಟ್ಟಿಯನ್ನು ಎತ್ತಿಟ್ಟಳು. ಆಮೇಲೆ ಹಳೆಯ ಪಟ್ಟಿಯ ಎರಡೂ ಬದಿಯ ಕೊಂಡಿಗಳನ್ನು ಹೆಬ್ಬೆರಳುಗಳಿಂದ ಹಿಗ್ಗಿಸಿದಳು. ಪಟ್ಟಿ ತಾನಾಗಿ ಮೇಲೆದ್ದಿತು. ಡಾಕ್ಟರು ಮುಖ ತಿರುಗಿಸಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಅವಳು ಬರಹವನ್ನು ಗಟ್ಟಿಯಾಗಿ ಓದಿದಳು. ಮೂರನೇ ತಲೆಮಾರು, ಕಡಿಮೆ ಕರೆಂಟಿನದು. ಎಲ್ಲವನ್ನೂ ಅಂಗೈ ಮೇಲೆ ಬರೆದುಕೊಂಡು, ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿದಳು. ಟಕ್ ಎಂದಿತು. ಆ ಟಕ್ ಬೆರಳಿನಿಂದ ಮೊಣಕೈವರೆಗೂ ಏರಿದಂತೆ ಅವಳಿಗೆ ಹಿತವೆನಿಸಿತು. ಅಷ್ಟು ವರ್ಷ ಆ ಕೋಣೆಯ ಬಾಗಿಲಲ್ಲಿ ನಿಂತವಳು, ಒಳಗಿನ ಒಂದು ವಸ್ತುವನ್ನು ಅದರ ಜಾಗದಲ್ಲಿ ಕೂರಿಸಿದ್ದು ಅದೇ ಮೊದಲು.

ಬ್ಯಾಟರಿ ಹಾಕಿ ಗುಂಡಿ ಒತ್ತಿದಾಗ ಲ್ಯಾಪ್‌ಟಾಪು ಹಳೆಯ ಮೆಮೊರಿಯೊಂದರಲ್ಲೇ, ಎಂದಿನ ನಿಧಾನದಲ್ಲಿ, ಎದ್ದು ಕೂತಿತು.

ಡಾಕ್ಟರು ಹತ್ತಿರ ಬಂದು ಬಗ್ಗಿ ನೋಡಿದರು. "ಕಿತ್ತದ್ದು ಮತ್ತೆ ಕೂತುಬಿಡ್ತಾ?"

"ಕೂತ್ಕೊಂಡ್ತು ಭಾವ."

"ರಕ್ತ ಇಲ್ಲ, ಬಾವು ಇಲ್ಲ." ಅವರು ಪುಟ್ಟ ಕನ್ನಡಿ ಹಿಡಿದು ಮತ್ತೊಮ್ಮೆ ನೋಡಿದರು. ತಮ್ಮ ಕಸುಬಿನಲ್ಲಿ ಇಂಥ ಭಾಗ್ಯ ಇಲ್ಲವಲ್ಲ ಎಂಬ ಸಂಕಟ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕೊನೆಗೆ, "ಹೋಗು, ನೀಲಿ ತಗೊಂಡು ಬಾ," ಎಂದರು.

ನೀಲಿ ಬಂದಾಗ ಡಾಕ್ಟರು ಪೆಟ್ಟಿಗೆಯಿಂದ ಹೊಸ ಕೈಗವುಸು ತೆಗೆದು ಅವಳತ್ತ ಚಾಚಿದರು. ತಾವು ಕುರ್ಚಿಯ ಎಡಗಡೆ, ಸಹಾಯಕರು ನಿಲ್ಲುವ ಜಾಗದಲ್ಲಿ ನಿಂತು ದೀಪ ಹಿಡಿದರು. ಮೇಷ್ಟ್ರು ಸ್ಕ್ರೂಗಳನ್ನು ಅಂಗೈಯಲ್ಲಿ ಎಣಿಸಿ ಇಟ್ಟುಕೊಂಡರು. ಕೌಂಟರಮ್ಮ ನೀಲಿ ಪಟ್ಟಿಯನ್ನು ಹಸಿರಿನ ಪಕ್ಕ ಕೂರಿಸಿದಳು. ಒಂದು ಬೀಪೂ ಇಲ್ಲದೆ ಲ್ಯಾಪ್‌ಟಾಪು ತೆರೆದುಕೊಂಡಿತು. ಮೇಷ್ಟ್ರ ಎಕ್ಸ್‌ರೇ ಒತ್ತಿದ ಕೂಡಲೇ ಬಂದು ನಿಂತಿತು, ಬೇರುಗಳೆಲ್ಲ ಸ್ಪಷ್ಟ.

"ಇನ್ನು ನಾನು ಮಲಗ್ಲಾ?" ಎಂದರು ಮೇಷ್ಟ್ರು.

"ಸ್ವಲ್ಪ ತಡೀರಿ," ಎಂದ ಡಾಕ್ಟರು ಲ್ಯಾಪ್‌ಟಾಪನ್ನು ಮೆತ್ತಗೆ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟರು. "ಈಗಷ್ಟೇ ಕೂರಿಸಿದೀವಿ. ಇಪ್ಪತ್ನಾಲ್ಕು ಗಂಟೆ ಇದಕ್ಕೆ ಕೆಲಸ ಕೊಡಬೇಡ."

ವಾದ ಮಾಡಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಭಾವ ಅಷ್ಟು ಇಳಿದು ಬಂದದ್ದೇ ದೊಡ್ಡದು. ಲ್ಯಾಪ್‌ಟಾಪನ್ನು ಕೌಂಟರಿನ ತಣ್ಣಗಿನ ಮೂಲೆಯಲ್ಲಿಟ್ಟು, ಆ ದಿನದ ಲೆಕ್ಕಾಚಾರವನ್ನೆಲ್ಲ ಕೈಯಲ್ಲೇ ಬರೆದಳು. ಮೇಷ್ಟ್ರು ಒಳಗಿನಿಂದ ಹೊರಬಂದಾಗ ಮುಖದ ಅರ್ಧ ಮರಗಟ್ಟಿತ್ತು. ಮೂಲೆಯತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ, ಒಂದು ಪಕ್ಕದ ಬಾಯಲ್ಲಿ ಕೇಳಿದರು: "ಹೆಂಗಿದೆ ಈಗ?"

"ಪರವಾಗಿಲ್ಲ ಸಾರ್. ಮಲಗಿದೆ."

ಮೇಷ್ಟ್ರು ತಲೆಯಾಡಿಸಿ, ಚಪ್ಪಲಿ ಸದ್ದಾಗದಂತೆ ನಡೆದು ಹೋದರು. ಬೆಂಚಿನ ಮೇಲಿದ್ದ ಉಳಿದ ಮೂವರೂ, ಯಾಕೆಂದು ಕೇಳದೆ, ಮಾತು ನಿಲ್ಲಿಸಿದರು.